ಗೆರೆಯೊಳಗಿನ ನಂಬಿಕೆ: ಉತ್ತರ ಇರಾಕಿನ ಫುಟ್‌ಬಾಲ್ ಲೀಗುಗಳ ಪ್ರಕರಣ ಅಧ್ಯಯನ

ಕ್ರೀಡೆ ಜನರನ್ನು ಒಗ್ಗೂಡಿಸುತ್ತದೆ ಎಂಬ ಮಾತು ಉದ್ಘಾಟನಾ ಭಾಷಣಗಳಲ್ಲಿ ಸವೆದು ಹೋಗಿದೆ. ಅದು ನಿಜವೇ, ನಿಜವಾದರೆ ಎಲ್ಲಿಯವರೆಗೆ ನಿಜ, ಮೈದಾನದಲ್ಲಿ ಹುಟ್ಟಿದ ಸ್ನೇಹ ಮೈದಾನ ದಾಟಿಯೂ ಉಳಿಯುತ್ತದೆಯೇ ಎಂದು ಕೇಳಿಕೊಂಡು, ಉತ್ತರ ಸಿಗುವ ಹಾಗೆ ಏರ್ಪಾಡು ಮಾಡಿ ನೋಡಿದವರು ಕಡಿಮೆ. ಹಾಗೆ ನೋಡಿದ ಕೆಲವೇ ಪ್ರಯತ್ನಗಳಲ್ಲಿ ಒಂದು, ಯಾರೂ ಸುಲಭವಾಗಿ ಆರಿಸಿಕೊಳ್ಳದಂಥ ಜಾಗದಲ್ಲಿ ನಡೆಯಿತು: ಸುನ್ನಿ ಉಗ್ರರ ಸಂಘಟನೆಯಾದ ಐಸಿಸ್ ಬಂದು ಹೋದ ಮೇಲಿನ ಉತ್ತರ ಇರಾಕಿನಲ್ಲಿ, ಮನೆಮಠ ಬಿಟ್ಟು ಓಡಬೇಕಾಗಿ ಬಂದಿದ್ದ ಕ್ರೈಸ್ತರ ಹವ್ಯಾಸಿ ಫುಟ್‌ಬಾಲ್ ತಂಡಗಳ ನಡುವೆ. ರಾಜ್ಯಶಾಸ್ತ್ರಜ್ಞೆ ಸಲ್ಮಾ ಮೂಸಾ ನಡೆಸಿದ ಈ ಅಧ್ಯಯನ 2020ರ ಆಗಸ್ಟ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಫಲಿತಾಂಶ ಭಾಷಣಕಾರರಿಗೂ ಪೂರ್ತಿ ಹಿತವಾಗುವಂಥದ್ದಲ್ಲ, ಸಿನಿಕರಿಗೂ ಅಲ್ಲ. ಇಲ್ಲಿ ಅದನ್ನೇ ಆರಿಸಿಕೊಳ್ಳಲು ಅದೇ ಕಾರಣ.

ಊರು ಮತ್ತು ಅದರ ಗಾಯ

ಮೊಸುಲ್ ನಗರದಿಂದ ಆಗ್ನೇಯಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿ, ನಿನೆವೆ ಬಯಲಿನಲ್ಲಿ ಕರಾಕೋಶ್ ಇದೆ. ಬಖ್ದೀದಾ ಎಂದೂ ಕರೆಯುವ ಈ ಊರು ಇರಾಕಿನ ಅತಿ ದೊಡ್ಡ ಕ್ರೈಸ್ತ ಪಟ್ಟಣ. 2014ಕ್ಕೆ ಮುಂಚೆ ಅಲ್ಲಿ ಸುಮಾರು 50,000 ಜನರಿದ್ದರು, ಹೆಚ್ಚಿನವರು ಸಿರಿಯಕ್ ಕ್ಯಾಥೊಲಿಕರು. 2014ರ ಜೂನ್‌ನಲ್ಲಿ ಮೊಸುಲ್ ಐಸಿಸ್ ಕೈಗೆ ಬಿತ್ತು. ಜುಲೈನಲ್ಲಿ ಆ ನಗರದ ಕ್ರೈಸ್ತರ ಮನೆಗಳ ಗೋಡೆಯ ಮೇಲೆ ಅರಬ್ಬಿಯ ‘ನೂನ್’ ಅಕ್ಷರವನ್ನು ಬಳಿದರು. ‘ನಸ್ರಾನಿ’, ಅಂದರೆ ಕ್ರೈಸ್ತ, ಎಂಬ ಪದದ ಮೊದಲ ಅಕ್ಷರ ಅದು. ಮತ ಬದಲಿಸಬೇಕು, ತಲೆಗಂದಾಯ ಕೊಡಬೇಕು, ಊರು ಬಿಡಬೇಕು, ಇಲ್ಲವೇ ಸಾಯಬೇಕು ಎಂದು ಗಡುವು ಕೊಟ್ಟರು. ಆಗಸ್ಟ್ 6ರ ರಾತ್ರಿ ಕುರ್ದಿಶ್ ಪಡೆಗಳು ಹಿಂದೆ ಸರಿದಾಗ ಕರಾಕೋಶ್ ಬೆಳಗಾಗುವಷ್ಟರಲ್ಲಿ ಬಹುತೇಕ ಖಾಲಿಯಾಗಿತ್ತು. ಜನ ಎರ್ಬಿಲ್ ಕಡೆಗೆ, ಅದರ ಕ್ರೈಸ್ತ ಬಡಾವಣೆಯಾದ ಅಂಕಾವಾದ ಕಡೆಗೆ ಓಡಿದರು. ಚರ್ಚುಗಳ ಅಂಗಳದಲ್ಲಿ, ಶಾಲೆಗಳಲ್ಲಿ, ಅರೆಬರೆ ಕಟ್ಟಿ ನಿಲ್ಲಿಸಿದ್ದ ಕಟ್ಟಡಗಳಲ್ಲಿ ತಂಗಿದರು. ಊರು ಮತ್ತೆ ಸರ್ಕಾರದ ಪಡೆಗಳ ವಶವಾದದ್ದು 2016ರ ಅಕ್ಟೋಬರ್‌ನಲ್ಲಿ, ಮೊಸುಲ್ ವಶವಾದದ್ದು 2017ರ ಜುಲೈನಲ್ಲಿ.

ಸುಟ್ಟ ಮನೆಯನ್ನು ಮತ್ತೆ ಕಟ್ಟಿಕೊಳ್ಳಬಹುದಿತ್ತು, ಅದಕ್ಕೆ ಅಷ್ಟೋ ಇಷ್ಟೋ ನೆರವೂ ಸಿಗುತ್ತಿತ್ತು. ಆದರೆ ಪಕ್ಕದ ಹಳ್ಳಿಯವನು ಆ ದಿನಗಳಲ್ಲಿ ಯಾರ ಕಡೆಗಿದ್ದ, ತಮ್ಮ ಮನೆಯ ಸಾಮಾನು ಸಾಗಿಹೋಗುವಾಗ ಅವನು ಎಲ್ಲಿ ನಿಂತಿದ್ದ ಎಂಬ ಪ್ರಶ್ನೆಯನ್ನು ಯಾವ ನೆರವಿನ ಸಂಸ್ಥೆಯೂ ಬಗೆಹರಿಸಿ ಕೊಡಲಾರದು. ಸುತ್ತಲಿನ ಮುಸ್ಲಿಮರಲ್ಲಿ ಅನೇಕರು ತಾವೂ ಐಸಿಸ್‌ಗೆ ಹೆದರಿ ಓಡಿ ಬಂದವರು. ಅದೇ ಬಯಲಿನ ಶಬಕ್ ಸಮುದಾಯದವರಲ್ಲಿ ಹೆಚ್ಚಿನವರು ಶಿಯಾಗಳು, ಐಸಿಸ್‌ನ ಕಣ್ಣಿನಲ್ಲಿ ಅವರೂ ಕೊಲ್ಲತಕ್ಕವರೇ. ಈ ಸಂಗತಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಶಂಕೆ ಕರಗಲಿಲ್ಲ. ನಷ್ಟವನ್ನು ಒಟ್ಟಿಗೇ ಅನುಭವಿಸಿದವರು ಒಬ್ಬರನ್ನೊಬ್ಬರು ತಾವಾಗಿಯೇ ನಂಬುತ್ತಾರೆ ಎಂದು ದೂರದಲ್ಲಿ ಕೂತವರಿಗೆ ಮಾತ್ರ ಅನ್ನಿಸುತ್ತದೆ.

ಯಾವ ಬಂಡವಾಳ?

‘ಸಾಮಾಜಿಕ ಬಂಡವಾಳ’ ಎಂಬ ಪದವನ್ನು ಇಂದಿನ ಅರ್ಥಕ್ಕೆ ಹತ್ತಿರವಾಗಿ ಬಳಸಿದ ಆರಂಭದ ಬರಹ 1916ರದು. ಬರೆದವರು ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಗ್ರಾಮೀಣ ಶಾಲೆಗಳನ್ನು ನೋಡಿಕೊಳ್ಳುತ್ತಿದ್ದ ಎಲ್. ಜೆ. ಹ್ಯಾನಿಫನ್. ಆಸ್ತಿ, ಹಣ ಇವುಗಳಂತೆ ಎಣಿಸಲು ಬಾರದ, ಆದರೆ ಅವುಗಳಿಲ್ಲದಾಗಲೂ ಕೈಹಿಡಿಯುವ ಸಂಬಂಧಗಳಿಗೆ ಅವರು ಆ ಹೆಸರು ಕೊಟ್ಟರು: ಹೇಳದೆ ಕೇಳದೆ ಮಗುವನ್ನು ಒಂದು ಗಂಟೆ ನೋಡಿಕೊಳ್ಳುವವರು, ಪತ್ರವಿಲ್ಲದೆ ಕೈಗಡ ಕೊಡುವವರು, ಕೆಲಸ ಖಾಲಿ ಇದೆ ಎಂದು ತಾವಾಗಿಯೇ ಬಂದು ಹೇಳುವವರು. ಬಹಳ ಕಾಲದ ಮೇಲೆ ಅಮೆರಿಕದ ರಾಜ್ಯಶಾಸ್ತ್ರಜ್ಞ ರಾಬರ್ಟ್ ಪುಟ್ನಮ್ ಈ ಮಾತಿಗೆ ಕ್ರೀಡೆಯನ್ನು ಗಂಟುಹಾಕಿದರು. 1980ರಿಂದ 1993ರ ನಡುವೆ ಅಮೆರಿಕದಲ್ಲಿ ಬೌಲಿಂಗ್ ಆಡುವವರ ಸಂಖ್ಯೆ ಶೇ 10ರಷ್ಟು ಏರಿತು, ಲೀಗುಗಳಲ್ಲಿ ಸೇರಿ ಆಡುವವರು ಶೇ 40ರಷ್ಟು ಇಳಿದರು ಎಂದು ಅವರು 1995ರಲ್ಲಿ ತೋರಿಸಿದಾಗ, ಆಟ ಉಳಿದುಕೊಂಡೂ ಅದರ ಸುತ್ತಲಿನ ಸಹವಾಸ ಕಳಚಿ ಬೀಳಬಹುದು ಎಂಬುದು ಸ್ಪಷ್ಟವಾಯಿತು.

ಪುಟ್ನಮ್ ಬಳಸಿದ ಒಂದು ಭೇದ ಈ ಪ್ರಕರಣಕ್ಕೆ ಬೇಕೇ ಬೇಕು. ತಮ್ಮವರನ್ನು ತಮ್ಮವರೊಂದಿಗೆ ಬಿಗಿಯುವುದು ಬೆಸೆಯುವ ಬಂಡವಾಳ; ತಮ್ಮವರಲ್ಲದವರ ಕಡೆಗೆ ದಾರಿ ಮಾಡುವುದು ಸೇತುವೆಯ ಬಂಡವಾಳ. ಎರಡನೆಯದು ಶ್ರೇಷ್ಠ, ಮೊದಲನೆಯದು ಸಂಕುಚಿತ ಎಂದು ಬರೆಯುವ ರೂಢಿ ಬೆಳೆದಿದೆ. ನನಗೆ ಅದು ಒಪ್ಪಿಗೆಯಲ್ಲ. ಒಂದೇ ರಾತ್ರಿಯಲ್ಲಿ ಊರು ಕಳೆದುಕೊಂಡವನನ್ನು ಆ ವರ್ಷ ಬದುಕಿಸಿದ್ದು ಬೆಸೆಯುವ ಬಂಡವಾಳವೇ. ಅಂಕಾವಾದಲ್ಲಿ ಸಂಜೆ ಚೆಂಡು ಹಿಡಿದು ಸೇರುತ್ತಿದ್ದ ಕ್ರೈಸ್ತ ತಂಡಗಳನ್ನು ಕೋಮಿನ ಕೋಟೆಗಳೆಂದು ಕಾಣುವುದಕ್ಕಿಂತ, ಚದುರಿದ ಊರು ತನ್ನನ್ನು ಮತ್ತೆ ಒಟ್ಟುಗೂಡಿಸಿಕೊಳ್ಳಲು ಹಿಡಿದ ದಾರಿ ಎಂದು ಕಾಣುವುದು ಹೆಚ್ಚು ಸರಿ.

ಪ್ರಯೋಗದ ಕಟ್ಟು

ಮೂಸಾ ಅವರು ಹೊಸ ತಂಡಗಳನ್ನು ಹುಟ್ಟಿಸದೆ, ಇದ್ದ ಕ್ರೈಸ್ತ ಹವ್ಯಾಸಿ ತಂಡಗಳನ್ನೇ ಎರ್ಬಿಲ್ ಮತ್ತು ಕರಾಕೋಶ್‌ಗಳಲ್ಲಿ ನಡೆಯುವ ಎರಡು ತಿಂಗಳ ಲೀಗುಗಳಿಗೆ ಆಹ್ವಾನಿಸಿದರು. ಒಟ್ಟು 51 ತಂಡಗಳು, 459 ಕ್ರೈಸ್ತ ಆಟಗಾರರು, ಎಲ್ಲರೂ ಗಂಡಸರು. ಲೀಗಿಗೆ ಸೇರಬೇಕಾದರೆ ಪ್ರತಿ ತಂಡವೂ ಕೆಲವು ಹೊಸ ಆಟಗಾರರನ್ನು ಸೇರಿಸಿಕೊಳ್ಳಬೇಕು. ಯಾವ ತಂಡಕ್ಕೆ ಬರುವ ಹೊಸಬರು ಕ್ರೈಸ್ತರು, ಯಾವ ತಂಡಕ್ಕೆ ಬರುವವರು ಮುಸ್ಲಿಮರು ಎಂಬುದನ್ನು ಚೀಟಿ ಎತ್ತಿದ ಹಾಗೆ ಯಾದೃಚ್ಛಿಕವಾಗಿ ನಿರ್ಧರಿಸಲಾಯಿತು. ಹೀಗಾಗಿ ಲೀಗಿನಲ್ಲಿ ಎರಡು ಬಗೆಯ ತಂಡಗಳಾದವು: ಪೂರ್ತಿ ಕ್ರೈಸ್ತ ತಂಡಗಳು ಮತ್ತು ಕೆಲವು ಮುಸ್ಲಿಮರು ಸೇರಿದ ಮಿಶ್ರ ತಂಡಗಳು.

ಈ ಚೀಟಿಯ ಮಹತ್ವವನ್ನು ಒಂದಿಷ್ಟು ಬಿಡಿಸಿ ಹೇಳಬೇಕು. ಸಾಮಾನ್ಯವಾಗಿ ಅನ್ಯರೊಂದಿಗೆ ಆಡಲು ಮುಂದೆ ಬರುವವನು ಮೊದಲೇ ಅಷ್ಟು ಉದಾರಿಯಾಗಿರುತ್ತಾನೆ. ಅವನು ಆಮೇಲೆ ಸಹಿಷ್ಣುವಾಗಿ ಕಂಡರೆ ಅದು ಆಟದ ಗುಣವೋ ಅವನ ಗುಣವೋ ಹೇಳಲು ಬಾರದು. ಕ್ರೀಡೆಯ ಹೆಸರಿನಲ್ಲಿ ನಡೆಯುವ ಸೌಹಾರ್ದ ಕಾರ್ಯಕ್ರಮಗಳ ವರದಿಗಳು ಎಡವುವುದು ಬಹುತೇಕ ಇಲ್ಲೇ: ಬಂದವರನ್ನು ಕೇಳಿ, ಬಾರದವರನ್ನು ಮರೆತು, ಯಶಸ್ಸು ಎಂದು ಬರೆದುಕೊಳ್ಳುತ್ತವೆ. ಚೀಟಿ ಎತ್ತಿದಾಗ ಆ ಗೊಂದಲ ಉಳಿಯುವುದಿಲ್ಲ.

ಏನನ್ನು ಅಳೆದರು ಎಂಬುದೂ ಅಷ್ಟೇ ಮುಖ್ಯ. ‘ನಿಮಗೆ ಮುಸ್ಲಿಮರ ಬಗ್ಗೆ ಏನನ್ನಿಸುತ್ತದೆ’ ಎಂದು ಕೇಳಿದರೆ ಮರ್ಯಾದಸ್ಥರು ಮರ್ಯಾದೆಯ ಉತ್ತರ ಕೊಡುತ್ತಾರೆ. ಆ ಬಗೆಯ ಪ್ರಶ್ನೆಗಳೂ ಇದ್ದವು, ಆದರೆ ಅಧ್ಯಯನದ ಭಾರ ಬಿದ್ದದ್ದು ನಡತೆಯ ಮೇಲೆ. ಕ್ರೀಡಾಮನೋಭಾವದ ಪ್ರಶಸ್ತಿಗೆ ಬೇರೆ ತಂಡದ ಮುಸ್ಲಿಂ ಆಟಗಾರನಿಗೆ ಮತ ಹಾಕುತ್ತಾರೆಯೇ? ಮುಂದಿನ ಋತುವಿಗೆ ಮಿಶ್ರ ತಂಡಕ್ಕೆ ಹೆಸರು ಕೊಡುತ್ತಾರೆಯೇ? ಲೀಗು ಮುಗಿದು ಆರು ತಿಂಗಳಾದ ಮೇಲೂ ಮುಸ್ಲಿಮರೊಂದಿಗೆ ಅಭ್ಯಾಸಕ್ಕೆ ಇಳಿಯುತ್ತಾರೆಯೇ? ಮುಸ್ಲಿಮರೇ ಹೆಚ್ಚಾಗಿರುವ ಮೊಸುಲ್‌ನ ಒಂದು ಉಪಾಹಾರಗೃಹಕ್ಕೆ ಹೋಗುತ್ತಾರೆಯೇ? ಎರಡೂ ಕಡೆಯವರು ಸೇರುವ ಸಾಮಾಜಿಕ ಕೂಟಕ್ಕೆ ಬರುತ್ತಾರೆಯೇ?

ಕಂಡದ್ದು

ಮೊದಲ ಮೂರು ಪ್ರಶ್ನೆಗಳಿಗೆ ಉತ್ತರ ಹೌದು. ಮುಸ್ಲಿಂ ಸಹ ಆಟಗಾರರಿದ್ದ ಕ್ರೈಸ್ತರು, ಪೂರ್ತಿ ಕ್ರೈಸ್ತ ತಂಡಗಳಲ್ಲಿದ್ದವರಿಗಿಂತ ಹೆಚ್ಚಾಗಿ ಮುಸ್ಲಿಂ ಆಟಗಾರರಿಗೆ ಮತ ಹಾಕಿದರು, ಮಿಶ್ರ ತಂಡಗಳಿಗೆ ಹೆಸರು ಕೊಟ್ಟರು, ಆರು ತಿಂಗಳ ನಂತರವೂ ಅವರೊಂದಿಗೆ ಅಭ್ಯಾಸ ಮಾಡಿದರು. ಕೊನೆಯ ಎರಡಕ್ಕೆ ಉತ್ತರ, ಹೇಳಿಕೊಳ್ಳುವಷ್ಟು ಇಲ್ಲ. ಮೊಸುಲ್‌ನ ಊಟದ ವಿಷಯದಲ್ಲಾಗಲಿ, ಮಿಶ್ರ ಕೂಟದ ವಿಷಯದಲ್ಲಾಗಲಿ ಎರಡು ಬಗೆಯ ತಂಡದವರ ನಡುವೆ ಎದ್ದುಕಾಣುವ ವ್ಯತ್ಯಾಸ ಕಾಣಲಿಲ್ಲ. ಮನೋಭಾವದ ಪ್ರಶ್ನೆಗಳಿಗೆ ಬಂದ ಉತ್ತರಗಳಲ್ಲೂ ಒಂದೇ ದಿಕ್ಕಿನ ಬದಲಾವಣೆ ಇರಲಿಲ್ಲ.

ಇಲ್ಲಿ ಮತದ ಸಂಗತಿಯ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ವರದಿಗಳಲ್ಲಿ ಅದು ಸಣ್ಣದಾಗಿ ಕಾಣುತ್ತದೆ. ಮತ ಹೋದದ್ದು ತನ್ನ ತಂಡದ ಮುಸ್ಲಿಮನಿಗಲ್ಲ. ತನ್ನ ತಂಡದವನು ನಿನ್ನೆ ತನಗೆ ಚೆಂಡು ಕೊಟ್ಟವನು, ಗಾಯವಾದಾಗ ಕೈಕೊಟ್ಟು ಎತ್ತಿದವನು. ಅವನನ್ನು ಮೆಚ್ಚಲು ದೊಡ್ಡ ಮನಸ್ಸು ಬೇಕಿಲ್ಲ. ಮತ ಹೋದದ್ದು ಎದುರು ತಂಡದವನಿಗೆ, ಬಹುಶಃ ಮಾತೂ ಆಡಿರದವನಿಗೆ. ಅಂದರೆ ಒಬ್ಬನಿಂದ ಅವನಂಥ ಇನ್ನೊಬ್ಬನಿಗೆ ನಂಬಿಕೆ ಒಂದು ಹೆಜ್ಜೆ ಸರಿದಿದೆ. ಸಾಮಾಜಿಕ ಬಂಡವಾಳದ ಲೆಕ್ಕದಲ್ಲಿ ಸ್ನೇಹಕ್ಕಿಂತ ಈ ಹೆಜ್ಜೆಗೆ ಬೆಲೆ ಹೆಚ್ಚು, ಏಕೆಂದರೆ ಸಮುದಾಯಗಳು ಒಟ್ಟಿಗೆ ಬದುಕುವುದು ಪರಿಚಿತರ ಮೇಲಿನ ನಂಬಿಕೆಯಿಂದಷ್ಟೇ ಅಲ್ಲ, ಅಪರಿಚಿತರ ಮೇಲಿನ ನಂಬಿಕೆಯಿಂದ. ಆದರೆ ಆ ಹೆಜ್ಜೆ ಲೀಗಿನ ಬೇಲಿಯವರೆಗೆ ಬಂದು ನಿಂತಿತು. ಅದೇ ಆಟ, ಅದೇ ನಿಯಮ, ಅದೇ ಸಮವಸ್ತ್ರದ ಒಳಗಿರುವ ಅಪರಿಚಿತನವರೆಗೆ ನಂಬಿಕೆ ಹೋಯಿತು. ಬೀದಿಯ ಅಪರಿಚಿತನವರೆಗೆ ಹೋಗಲಿಲ್ಲ.

ಮೈದಾನದೊಳಗೆ ಏಕೆ ಸಾಧ್ಯವಾಯಿತು

ಗೋರ್ಡನ್ ಆಲ್‌ಪೋರ್ಟ್ 1954ರಲ್ಲಿ ಮಂಡಿಸಿದ ಸಂಪರ್ಕ ಸಿದ್ಧಾಂತದ ಪ್ರಕಾರ, ಎರಡು ಗುಂಪುಗಳ ಒಡನಾಟ ಪೂರ್ವಗ್ರಹವನ್ನು ಇಳಿಸಬೇಕಾದರೆ ನಾಲ್ಕು ಅನುಕೂಲಗಳಿರಬೇಕು: ಆ ಸಂದರ್ಭದಲ್ಲಿ ಸಮಾನ ಸ್ಥಾನ, ಒಂದೇ ಗುರಿ, ಪರಸ್ಪರ ಸಹಕಾರ ಮತ್ತು ಅಧಿಕಾರದಲ್ಲಿರುವವರ ಬೆಂಬಲ. ತಂಡದ ಆಟದಲ್ಲಿ ಈ ನಾಲ್ಕೂ ಹೆಚ್ಚು ಶ್ರಮವಿಲ್ಲದೆ ಕೂಡಿಬರುತ್ತವೆ. ರೆಫ್ರಿಯ ಸೀಟಿ ಇಬ್ಬರಿಗೂ ಒಂದೇ. ಗೋಲು ಒಂದೇ ಲೆಕ್ಕಕ್ಕೆ ಸೇರುತ್ತದೆ.

ಸಿದ್ಧಾಂತ ಹೇಳದಿರುವ ಒಂದು ಸಣ್ಣ ಸಂಗತಿಯೂ ಇದೆ, ಅದು ಹೆಸರಿನದು. ಇರಾಕಿನಲ್ಲಿ ಹೆಸರು ಹೆಸರಷ್ಟೇ ಅಲ್ಲ. 2006ರ ಸುಮಾರಿಗೆ ಬಾಗ್ದಾದಿನಲ್ಲಿ ಗುರುತಿನ ಚೀಟಿಯಲ್ಲಿ ‘ಉಮರ್’ ಎಂದಿದ್ದ ಕಾರಣಕ್ಕೇ ಜನರನ್ನು ತಪಾಸಣಾ ಠಾಣೆಗಳಲ್ಲಿ ಇಳಿಸಿ ಕೊಂದದ್ದುಂಟು, ಏಕೆಂದರೆ ಅದು ಸುನ್ನಿಗಳ ಹೆಸರು. ಅಂಥ ದೇಶದಲ್ಲಿ ಹೊಸಬನ ಹೆಸರು ಕೇಳಿದೊಡನೆ ಅವನ ಮತ, ಪಂಥ, ಕೆಲವೊಮ್ಮೆ ಊರೂ ತಿಳಿದುಹೋಗುತ್ತದೆ, ಮಾತು ಅಲ್ಲಿಗೇ ತಣ್ಣಗಾಗುತ್ತದೆ. ಫುಟ್‌ಬಾಲ್ ಮೈದಾನದಲ್ಲಿ ಹೆಸರಿನ ಕೆಲಸ ಬೇರೆ. ಬೆನ್ನ ಹಿಂದೆ ಎದುರಾಳಿ ನುಗ್ಗುತ್ತಿರುವಾಗ ಗೋಲ್‌ಕೀಪರ್ ರಕ್ಷಣಾ ಆಟಗಾರನ ಹೆಸರು ಹಿಡಿದು ಕೂಗಲೇಬೇಕು. ಅರ್ಧ ಕ್ಷಣ ತಡವಾದರೆ ಗೋಲು ಬೀಳುತ್ತದೆ. ಎರಡು ತಿಂಗಳು ಒಂದು ಹೆಸರನ್ನು ಹಾಗೆ ಕೂಗಿದವನಿಗೆ, ಆ ಹೆಸರು ಮೊದಲು ಎಡ ಬದಿಯಲ್ಲಿ ಓಡುವ ಒಬ್ಬ ಆಟಗಾರನನ್ನು ನೆನಪಿಸುತ್ತದೆ, ಆಮೇಲೆ ಅವನ ಸಮುದಾಯವನ್ನು. ಇದು ನನ್ನ ಊಹೆ, ಅಳತೆಗೆ ಸಿಕ್ಕ ಸತ್ಯವಲ್ಲ. ಆದರೂ ಮತಪತ್ರದಲ್ಲಿ ಕಂಡ ಬದಲಾವಣೆಗೆ ನನಗೆ ತೋಚುವ ಅತ್ಯಂತ ಸರಳ ವಿವರಣೆ ಇದೇ.

ಎದುರಾಳಿಯಾಗಿ ಆಡಿದರೆ ಈ ಫಲ ಸಿಗುವುದಿಲ್ಲ ಎನ್ನಲು ಇನ್ನೊಂದು ಅಧ್ಯಯನದ ಆಧಾರವಿದೆ. ಮ್ಯಾಟ್ ಲೋ ಅವರು ಉತ್ತರ ಪ್ರದೇಶದ ಗ್ರಾಮಾಂತರದಲ್ಲಿ ಬೇರೆ ಬೇರೆ ಜಾತಿಗಳ ಯುವಕರನ್ನು ಸೇರಿಸಿ ಕ್ರಿಕೆಟ್ ಲೀಗುಗಳನ್ನು ನಡೆಸಿದರು. ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಒಂದೇ ತಂಡದಲ್ಲಿ ಆಡಿದಾಗ ಜಾತಿ ದಾಟಿದ ಗೆಳೆತನಗಳು ಹೆಚ್ಚಿದವು, ಸ್ವಜಾತಿಯ ಪಕ್ಷಪಾತ ಇಳಿಯಿತು, ವಸ್ತುಗಳ ಕೊಡುಕೊಳ್ಳುವಿಕೆಯೂ ಸುಗಮವಾಯಿತು. ಬೇರೆ ಜಾತಿಯವರನ್ನು ಎದುರಾಳಿಗಳಾಗಿ ಎದುರಿಸಿದ್ದರಿಂದ ಆದದ್ದು ಬಹುಮಟ್ಟಿಗೆ ಇದರ ವಿರುದ್ಧ. 1954ರಲ್ಲಿ ಮುಜಾಫರ್ ಶೆರಿಫ್ ಅಮೆರಿಕದ ಒಕ್ಲಹೋಮಾದ ಬೇಸಿಗೆ ಶಿಬಿರವೊಂದರಲ್ಲಿ 22 ಹುಡುಗರನ್ನು ಎರಡು ಗುಂಪು ಮಾಡಿ ಬೇಸ್‌ಬಾಲ್, ಹಗ್ಗಜಗ್ಗಾಟಗಳಿಗೆ ಬಿಟ್ಟಾಗಲೂ ಬೆಳೆದದ್ದು ಹಗೆಯೇ. ಕೆಟ್ಟುಹೋದ ನೀರಿನ ವ್ಯವಸ್ಥೆಯನ್ನು ಎಲ್ಲರೂ ಸೇರಿ ಸರಿಪಡಿಸಬೇಕಾದಂಥ ಸಂದರ್ಭಗಳನ್ನು ಒಂದರ ಮೇಲೊಂದು ತಂದೊಡ್ಡಿದ ಮೇಲೆ ಅದು ಇಳಿಯಿತು. ಹೀಗಿದ್ದೂ ಸೌಹಾರ್ದ ಪಂದ್ಯ ಎಂದರೆ ಇಂದಿಗೂ ಆ ಕೋಮಿನದೊಂದು ತಂಡ, ಈ ಕೋಮಿನದೊಂದು ತಂಡ ಎಂದೇ ಏರ್ಪಾಡಾಗುತ್ತದೆ, ಗೆದ್ದವರ ಕಡೆಯವರು ಪಟಾಕಿ ಹಚ್ಚುತ್ತಾರೆ.

ದೊಡ್ಡ ಗೆಲುವು, ಸಣ್ಣ ಲೀಗು

ಇರಾಕಿನಲ್ಲೇ ಇದಕ್ಕೂ ಮುಂಚೆ ಫುಟ್‌ಬಾಲ್ ಒಂದು ದೊಡ್ಡ ಪವಾಡ ಮಾಡಿತ್ತು ಎಂದು ಹೇಳುವುದುಂಟು. 2007ರ ಜುಲೈ 29ರಂದು ಜಕಾರ್ತಾದಲ್ಲಿ ನಡೆದ ಏಷ್ಯನ್ ಕಪ್ ಫೈನಲ್‌ನಲ್ಲಿ ಇರಾಕ್ ತಂಡ ಸೌದಿ ಅರೇಬಿಯಾವನ್ನು 1–0 ಗೋಲಿನಿಂದ ಸೋಲಿಸಿತು. ಕುರ್ದ್ ಆಟಗಾರ ಹವಾರ್ ಮುಲ್ಲಾ ಮೊಹಮ್ಮದ್ ಹಾಕಿದ ಕಾರ್ನರ್ ಕಿಕ್‌ಗೆ ಸುನ್ನಿಯಾದ ನಾಯಕ ಯೂನಿಸ್ ಮಹ್ಮೂದ್ ತಲೆ ಕೊಟ್ಟು ಗೋಲು ಹೊಡೆದರು. ಗೋಲು ಕಾದವರು ಶಿಯಾ ಆದ ನೂರ್ ಸಬ್ರಿ. ದೇಶ ಪಂಥಗಳ ಹೆಸರಿನಲ್ಲಿ ಕಾದಾಡುತ್ತಿದ್ದ ಕಾಲ ಅದು. ನಾಲ್ಕು ದಿನ ಮುಂಚೆ ಸೆಮಿಫೈನಲ್ ಗೆದ್ದ ಸಂಭ್ರಮದಲ್ಲಿ ಬೀದಿಗಿಳಿದಿದ್ದವರ ನಡುವೆ ಬಾಂಬುಗಳು ಸಿಡಿದು ಹತ್ತಾರು ಜನ ಸತ್ತಿದ್ದರು. ಆದರೂ ಫೈನಲ್‌ನ ರಾತ್ರಿ ಜನ ಮತ್ತೆ ಬೀದಿಗೆ ಬಂದರು, ಒಂದೇ ಬಾವುಟ ಹಿಡಿದು ಕುಣಿದರು.

ಆ ಸಂಭ್ರಮ ಸುಳ್ಳಲ್ಲ. ಆದರೆ ಅದನ್ನು ಸಾಮಾಜಿಕ ಬಂಡವಾಳ ಎಂದು ಕರೆಯಲು ನಾನು ಹಿಂಜರಿಯುತ್ತೇನೆ. ಆ ರಾತ್ರಿ ಪಕ್ಕದಲ್ಲಿ ಕುಣಿದವನ ಹೆಸರು ಯಾರಿಗೂ ಗೊತ್ತಿರಲಿಲ್ಲ, ಮರುದಿನ ಅವನನ್ನು ಮತ್ತೆ ನೋಡುವ ಕಾರಣವೂ ಇರಲಿಲ್ಲ. ಬಂಡವಾಳ ಅನ್ನುವುದು ಕೂಡಿಡಲು ಬರಬೇಕು, ಬೇಕೆಂದಾಗ ತೆಗೆದು ಬಳಸಲು ಬರಬೇಕು. ಎರಡು ತಿಂಗಳ ಕಾಲ, ಅದೇ ಹತ್ತೋ ಹನ್ನೆರಡೋ ಜನ, ಅದೇ ಮೈದಾನಕ್ಕೆ ಬಂದು, ಒಬ್ಬ ತಡವಾಗಿ ಬಂದನೆಂದು ಇನ್ನೊಬ್ಬ ಗೊಣಗುವ ಕರಾಕೋಶ್‌ನ ಲೀಗು, ಟೆಲಿವಿಷನ್ನಿಗೆ ಒದಗದ ವಸ್ತುವಾದರೂ, ಆ ಲೆಕ್ಕದಲ್ಲಿ ಜಕಾರ್ತಾದ ಗೋಲಿಗಿಂತ ಹೆಚ್ಚು ಉಳಿಸಿತು.

ಆಚೆಗೆ ಏಕೆ ಹೋಗಲಿಲ್ಲ

ಮೊಸುಲ್‌ನ ಊಟವನ್ನು ನಂಬಿಕೆಯ ಅಳತೆಗೋಲಾಗಿ ಬಳಸಿದ್ದರ ಬಗ್ಗೆ ನನಗೆ ಒಂದು ತಕರಾರಿದೆ. ಪ್ರಶಸ್ತಿಗೆ ಮತ ಹಾಕಲು ಒಂದು ಗೀಟು ಸಾಕು. ಮೊಸುಲ್‌ಗೆ ಹೋಗಬೇಕಾದರೆ ಒಂದು ದಿನ ಬಿಡುವು ಬೇಕು, ವಾಹನ ಬೇಕು, ದಾರಿಯ ತಪಾಸಣಾ ಠಾಣೆಗಳನ್ನು ದಾಟಬೇಕು. ತನ್ನವರ ಮನೆ ಗೋಡೆಗಳ ಮೇಲೆ ‘ನೂನ್’ ಬರೆದ ನಗರದ ಬೀದಿಯಲ್ಲಿ ನಡೆಯಬೇಕು. ಹೋಗದಿದ್ದವನು ಮುಸ್ಲಿಮರನ್ನು ನಂಬದೆ ಹೋಗಲಿಲ್ಲವೋ, ನಗರವನ್ನು ನಂಬದೆ ಹೋಗಲಿಲ್ಲವೋ, ತಾಯಿ ಬೇಡ ಎಂದಿದ್ದಕ್ಕೆ ಹೋಗಲಿಲ್ಲವೋ ಬೇರ್ಪಡಿಸಿ ಹೇಳಲಾಗದು. ಆದರೆ ಈ ತಕರಾರು ಮಿಶ್ರ ಕೂಟಕ್ಕೆ ಅಷ್ಟಾಗಿ ಅನ್ವಯಿಸುವುದಿಲ್ಲ. ಅಲ್ಲೂ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನು ಮರೆತರೆ ಅದು ನನ್ನ ಪಕ್ಷಪಾತವಾದೀತು.

ಹೆಚ್ಚು ಒಪ್ಪತಕ್ಕ ಕಾರಣ ನಂಬಿಕೆಯ ಸ್ವರೂಪದಲ್ಲೇ ಇದೆ. ಮೈದಾನದಲ್ಲಿ ಒಬ್ಬನನ್ನು ನಂಬುವುದೆಂದರೆ ಅವನು ಚೆಂಡನ್ನು ಹಿಂದಿರುಗಿಸುತ್ತಾನೆ, ತನ್ನ ಜಾಗ ಬಿಟ್ಟು ಓಡುವುದಿಲ್ಲ ಎಂದು ನಂಬುವುದು. ಇದಕ್ಕೆ ನಿಯಮಗಳ ಒತ್ತಾಸೆ ಇದೆ, ಮೋಸಕ್ಕೆ ತಕ್ಷಣದ ದಂಡನೆ ಇದೆ, ಎಲ್ಲರ ಕಣ್ಣೆದುರಿಗೇ ಎಲ್ಲವೂ ನಡೆಯುತ್ತದೆ. ಊರಿನಲ್ಲಿ ಕೇಳುವ ನಂಬಿಕೆ ಬೇರೆ: ಮುಂದೊಮ್ಮೆ ಬಂದೂಕು ಹಿಡಿದವರು ಬಂದರೆ ಇವನು ನನ್ನ ಮನೆ ತೋರಿಸಿಕೊಡುತ್ತಾನೆಯೇ? ಆ ಪ್ರಶ್ನೆಗೆ ಫುಟ್‌ಬಾಲ್ ಉತ್ತರ ಕೊಡಲಾರದು, ಕೊಡಬೇಕೆಂದು ಅದನ್ನು ಕೇಳುವುದೂ ನ್ಯಾಯವಲ್ಲ. ಆಸ್ತಿ ಹಿಂದಿರುಗಿಸುವುದು, ಲೂಟಿಯ ವಿಚಾರಣೆ, ಗಸ್ತು ಯಾರದು ಎಂಬ ತೀರ್ಮಾನ, ಇವೆಲ್ಲ ಆಡಳಿತದ ಕೆಲಸಗಳು. ಅವು ಆಗದಿರುವ ಕಡೆ ಹಣ ಕೊಡುವ ಸಂಸ್ಥೆಗಳು ಕ್ರೀಡಾಕೂಟಗಳನ್ನು ಮುಂದಿಡುವುದಕ್ಕೆ, ಅವು ಅಗ್ಗ ಮತ್ತು ಯಾರ ತಂಟೆಗೂ ಹೋಗುವುದಿಲ್ಲ ಎಂಬುದೂ ಒಂದು ಕಾರಣ ಎಂದು ನನ್ನ ಅನಿಸಿಕೆ.

ಇನ್ನೆರಡು ಮಿತಿಗಳನ್ನು ಚಿಕ್ಕದಾಗಿ ಹೇಳಿಬಿಡಬಹುದು. ಮಿಶ್ರ ತಂಡಗಳಲ್ಲೂ ಮುಸ್ಲಿಮರು ಕಡಿಮೆ ಸಂಖ್ಯೆಯಲ್ಲಿದ್ದರು, ಮೊದಲೇ ಗಟ್ಟಿಯಾಗಿದ್ದ ಕ್ರೈಸ್ತ ಬಳಗದೊಳಕ್ಕೆ ಹೊಸಬರಾಗಿ ಬಂದವರು. ಅವರಿಗೆ ಆ ಎರಡು ತಿಂಗಳು ಹೇಗಿತ್ತು ಎಂಬುದು ಈ ಅಧ್ಯಯನದ ಮುಖ್ಯ ಪ್ರಶ್ನೆಯಾಗಿರಲಿಲ್ಲ. ಹೆಂಗಸರಂತೂ ಲೆಕ್ಕದಲ್ಲೇ ಇಲ್ಲ. ನೆರೆಹೊರೆಯ ದಿನನಿತ್ಯದ ಕೊಡುಕೊಳ್ಳುವಿಕೆ ಹೆಚ್ಚಾಗಿ ಯಾರ ಕೈಯಲ್ಲಿ ನಡೆಯುತ್ತದೆ ಎಂದು ಯೋಚಿಸಿದರೆ ಇದು ಸಣ್ಣ ಕೊರತೆಯಲ್ಲ.

ಇಂಥ ಲೀಗು ನಡೆಸುವವರಿಗೆ ಈ ಪ್ರಕರಣದಿಂದ ಸಿಗುವ ಸೂಚನೆಗಳು ಭವ್ಯವಾದವಲ್ಲ, ಆದರೆ ಕೆಲಸಕ್ಕೆ ಬರುತ್ತವೆ. ಬೆರೆಸುವುದಿದ್ದರೆ ತಂಡದೊಳಗೇ ಬೆರೆಸಬೇಕು. ಒಂದು ದಿನದ ಪಂದ್ಯಾವಳಿಗೆ ಇಡುವ ಹಣವನ್ನು ತಿಂಗಳುಗಟ್ಟಲೆ ನಡೆಯುವ ಲೀಗಿಗೆ ಇಡಬೇಕು, ಮುಂದಿನ ಋತುವೂ ಇದೆ ಎಂಬುದು ಆಟಗಾರರಿಗೆ ಮೊದಲೇ ಗೊತ್ತಿರಬೇಕು. ಮೈದಾನದಿಂದ ಆಚೆಗೆ ದಾರಿ ಬೇಕೆಂದರೆ ಅದನ್ನು ಬೇರೆಯಾಗಿ, ಬೇಕೆಂದೇ ಕಟ್ಟಬೇಕು: ಮೊಸುಲ್‌ಗೆ ಒಬ್ಬೊಬ್ಬನೇ ಹೋಗಲಿ ಎಂದು ಬಿಡದೆ ತಂಡದ ಒಂದು ಪಂದ್ಯವನ್ನು ಅಲ್ಲೇ ಇಡುವುದು, ಹೋಗಿಬರಲು ಒಂದೇ ಬಸ್ಸು ಮಾಡುವುದು, ಮನೆಯವರನ್ನೂ ಆ ಬಸ್ಸಿಗೆ ಹತ್ತಿಸುವುದು. ಇವು ಫಲ ಕೊಡುತ್ತವೆಯೇ ಎಂಬುದನ್ನೂ ಅದೇ ಚೀಟಿ ಎತ್ತಿ ನೋಡಬೇಕಾಗುತ್ತದೆ.

ಅಲ್ಲಿಯವರೆಗೆ ಕೈಯಲ್ಲಿರುವುದು ಆರು ತಿಂಗಳ ಆ ಅಭ್ಯಾಸದ ಲೆಕ್ಕ. ಆ ಹೊತ್ತಿಗೆ ಎರಡು ತಿಂಗಳ ಲೀಗು ಮುಗಿದಿತ್ತು. ಯಾರನ್ನು ಸೇರಿಸಿಕೊಳ್ಳಬೇಕು ಎಂದು ಹೇಳುವವರು ಇರಲಿಲ್ಲ, ಚೀಟಿಯೂ ಇರಲಿಲ್ಲ. ಮಿಶ್ರ ತಂಡಗಳಲ್ಲಿ ಆಡಿದ್ದ ಕ್ರೈಸ್ತರು ಆಗಲೂ ಉಳಿದವರಿಗಿಂತ ಹೆಚ್ಚಾಗಿ ಮುಸ್ಲಿಮರ ಜೊತೆ ಅಭ್ಯಾಸಕ್ಕೆ ಇಳಿಯುತ್ತಿದ್ದರು.